ಹಾರ್ಡ್ ಅಂದರೆ ಕಲ್ಲು

"ನೀನೇ! ನೀನೇ ಹಾಳು ಮಾಡಿದ್ದು! ಬಿಸ್ಕತ್ ಕೈಲಿ ಲ್ಯಾಪ್‌ಟಾಪ್ ಮುಟ್ಟಬೇಡ ಅಂತ ಬಡ್ಕೊಂಡೆ ತಾನೆ?"

ಬುಗುರಿ ಕಿರುಚಿದ ರಭಸಕ್ಕೆ ಅವಳ ತಮ್ಮ ಬಿಸ್ಕತ್ತು ಅಗಿಯುವುದನ್ನೇ ನಿಲ್ಲಿಸಿಬಿಟ್ಟ. ಅವಳು ಒಂದು ಕಡೆ ಕೂತವಳೇ ಅಲ್ಲ, ಅದಕ್ಕೇ ಮನೆಯವರಿಗೆಲ್ಲ ಅವಳು ಬುಗುರಿ. ತಮ್ಮ ಒಂದನೇ ಕ್ಲಾಸು. ಎಷ್ಟು ತಿಂದರೂ ಸಣ್ಣ, ಅವನು ಕಡ್ಡಿ.

"ನಾನು ಮುಟ್ಟೇ ಇಲ್ಲ ಅಕ್ಕಾ."

"ಮತ್ತೆ ನಿನ್ನೆ ಇದ್ದ ವೈಫೈ ಎಲ್ಲಿ ಹೋಯ್ತು? ವಾಕಿಂಗ್ ಹೋಯ್ತಾ?"

ಗಂಟೆ ನಾಲ್ಕೂಕಾಲು. ಐದರೊಳಗೆ ವಿಡಿಯೊ ಶಾಲೆಯ ವೆಬ್‌ಸೈಟಿಗೆ ಹೋಗದಿದ್ದರೆ ಸ್ಪರ್ಧೆಯಿಂದ ಔಟ್. ಮೂರು ವಾರ ಕೂತು ಮಾಡಿದ ಸಿನಿಮಾ ಅದು. ಜೇಡಿಮಣ್ಣಿನ ಬಸವನಹುಳು ಸ್ಕೂಲಿಗೆ ಲೇಟಾಗಿ ಹೋಗುವ ಕತೆ. ಕಡ್ಡಿ ಹುಳುವನ್ನು ಒಂಚೂರು ಸರಿಸಬೇಕು, ಬುಗುರಿ ಲ್ಯಾಪ್‌ಟಾಪಿನ ಕ್ಯಾಮೆರಾದಲ್ಲಿ ಒಂದು ಫೋಟೊ ತೆಗೆಯಬೇಕು. ಮತ್ತೆ ಸರಿಸಬೇಕು, ಮತ್ತೆ ಫೋಟೊ. ಹೀಗೆ ಒಂಬೈನೂರು ಫೋಟೊ!

ಅಪ್ಪ ಅಮ್ಮ ಕೆಲಸದಿಂದ ಬರುವುದು ಆರಕ್ಕೆ. ಮನೆಯಲ್ಲಿದ್ದದ್ದು ಅಜ್ಜಿಯ ಬಟನ್ ಫೋನು ಒಂದೇ. ಬುಗುರಿ ಅದರಿಂದಲೇ ಮಾವನಿಗೆ ಫೋನ್ ಮಾಡಿದಳು. ಮಾವನದು ಕಂಪ್ಯೂಟರ್ ರಿಪೇರಿ ಅಂಗಡಿ. ಮೂಲೆ ಸೇರಿದ್ದ ಈ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಅನ್ನುವ ಸಾಫ್ಟ್‌ವೇರ್ ಹಾಕಿ ಜೀವ ಕೊಟ್ಟವರು ಅವರೇ.

"ಮಾವಾ, ಕಡ್ಡಿ ವೈಫೈ ಹಾಳು ಮಾಡಿದಾನೆ!"

"ತಾಳಮ್ಮಾ ತಾಯಿ. ಅದರೊಳಗೆ ಒಂದು ವೈಫೈ ಕಾರ್ಡ್ ಇದೆ. ಅದು ಕೆಟ್ಟಿದ್ಯೋ, ಸುಮ್ನೆ ಮಲಗಿದ್ಯೋ ನೋಡೋಣ. ಟರ್ಮಿನಲ್ ತೆಗಿ, ಆ ಕಪ್ಪು ಕಿಟಕಿ. ಟೈಪ್ ಮಾಡು, ಆರ್, ಎಫ್, ಕೆ, ಐ, ಎಲ್, ಎಲ್."

"ಕಿಲ್ಲಾ? ಯಾರನ್ನ ಸಾಯಿಸೋದು ಮಾವ?"

"ನನ್ನನ್ನೇ! ಒಂದು ಸ್ಪೇಸ್ ಬಿಟ್ಟು 'ಲಿಸ್ಟ್' ಅಂತ ಹೊಡಿ. ಏನು ಬಂತು ಅಂತ ಓ..."

ಟುಂಯ್! ಫೋನಿನ ಚಾರ್ಜ್ ಮುಗಿಯಿತು. "ಚಾರ್ಜರ್ ಇಲ್ಲೇ ಎಲ್ಲೋ ಇಟ್ಟಿದ್ದೆನಲ್ಲಾ," ಎನ್ನುತ್ತ ಅಜ್ಜಿ ಒಳಗೆ ಹೋದರು. ಅಜ್ಜಿಯ 'ಇಲ್ಲೇ ಎಲ್ಲೋ' ಅಂದರೆ ಅರ್ಧ ಗಂಟೆಯ ಹುಡುಕಾಟ.

ಬುಗುರಿ ಟೈಪ್ ಮಾಡಿ ಎಂಟರ್ ಒತ್ತಿದಳು. ಸಾಲುಗಳು ಮೂಡಿದವು. ಸಾಫ್ಟ್ ಬ್ಲಾಕ್ಡ್: ನೋ. ಹಾರ್ಡ್ ಬ್ಲಾಕ್ಡ್: ಯೆಸ್.

"ಅಯ್ಯೋ, ಹಾರ್ಡಂತೆ!" ಅವಳು ತಲೆ ಮೇಲೆ ಕೈ ಹೊತ್ತಳು. "ಮ್ಯಾಥ್ಸ್ ಪೇಪರ್ ಥರ ಹಾರ್ಡು. ನಮ್ಮ ಕೈಲಿ ಆಗಲ್ಲ ಅಂತ ಅದೇ ಹೇಳ್ತಿದೆ. ಎಲ್ಲಾ ನಿನ್ನಿಂದ!"

ಕಡ್ಡಿ ಬಿಸ್ಕತ್ತು ಕೆಳಗಿಟ್ಟ. ಮೆಲ್ಲಗೆ ಅಂದ: "ಹಾರ್ಡ್ ಅಂದ್ರೆ ಕಷ್ಟ ಅಲ್ಲ ಅಕ್ಕಾ. ಹಾರ್ಡ್ ಅಂದ್ರೆ ಕಲ್ಲು. ಸಾಫ್ಟ್ ಅಂದ್ರೆ ಹತ್ತಿ. ನಮ್ಮ ಮಿಸ್ ಮುಟ್ಟಿಸಿ ತೋರಿಸಿದ್ರು."

"ಆಹಾ, ಪಂಡಿತ! ಲ್ಯಾಪ್‌ಟಾಪಲ್ಲಿ ಕಲ್ಲು ಎಲ್ಲಿಂದ ಬರುತ್ತೋ?"

ಹಾಗೆ ಅಂದವಳು ಪರದೆಯ ಸಾಲನ್ನು ಮತ್ತೆ ಓದಿದಳು. ಬ್ಲಾಕ್ಡ್ ಅಂದರೆ ತಡೆ. ಕೈಗೆ ಗಟ್ಟಿಯಾಗಿ ಸಿಗುವಂಥದ್ದೇ ವೈಫೈಗೆ ಅಡ್ಡ ಕೂತಿದ್ದರೆ? ಲ್ಯಾಪ್‌ಟಾಪನ್ನು ಎತ್ತಿ ಅಂಚಿನ ಸುತ್ತ ಬೆರಳಾಡಿಸಿದಳು. ಮುಂದಿನ ಅಂಚಿನಲ್ಲಿ ಬಸವನಹುಳುವಿನ ಸ್ಟಿಕ್ಕರ್ ಇತ್ತು. ಅದರಡಿ ಏನೋ ಉಬ್ಬಿತ್ತು.

ಸ್ಟಿಕ್ಕರ್ ಕಿತ್ತಳು. ಒಂದು ಪುಟಾಣಿ ಸ್ವಿಚ್! ಪಕ್ಕದಲ್ಲೇ ವೈಫೈ ಗುರುತು. ಅದನ್ನು ಬಲಕ್ಕೆ ತಳ್ಳಿದ ಕೂಡಲೇ ಪರದೆಯ ಮೂಲೆಯಲ್ಲಿ ವೈಫೈ ಹಾಜರ್!

"ಬಂತೂ!" ಕಡ್ಡಿ ಕುಣಿದೇ ಕುಣಿದ.

ಬುಗುರಿ ಕುಣಿಯಲಿಲ್ಲ. ಬೆಳಿಗ್ಗೆ ಸ್ಟಿಕ್ಕರ್ ಸರಿಯಾಗಿ ಅಂಟದೆ, ಹೆಬ್ಬೆರಳಿನಿಂದ ಎಡಕ್ಕೆ ಒತ್ತಿ ಒತ್ತಿ ಉಜ್ಜಿದ್ದು ನೆನಪಾಯಿತು.

"ಇದನ್ನ ಅಂಟಿಸಿದ್ದು ನಾನೇ ಕಣೋ."

"ಗೊತ್ತು. ನಾನು ನೋಡ್ದೆ."

"ಮತ್ತೆ ಹೇಳೋಕೇನಾಗಿತ್ತು?"

"ನೀನು ಮಾತಾಡೋಕೆ ಬಿಟ್ರೆ ತಾನೆ?"

ಬುಗುರಿ ಕೈಯಲ್ಲಿದ್ದ ಸ್ಟಿಕ್ಕರನ್ನು ಅವನ ಅಂಗಿಯ ಜೇಬಿನ ಮೇಲೆ ಅಂಟಿಸಿದಳು. ಈ ಸಲ ಮೆತ್ತಗೆ ಒತ್ತಿದಳು.

ನಾಲ್ಕು ಐವತ್ತೈದಕ್ಕೆ ವಿಡಿಯೊ ಪೂರ್ತಿ ಅಪ್‌ಲೋಡ್ ಆಯಿತು. ಕೊನೆಯಲ್ಲಿ 'ತಯಾರಿಸಿದವರು' ಅಂತ ಒಂದು ಚೌಕ. ಅಭ್ಯಾಸಬಲದಿಂದ ಬುಗುರಿ ತನ್ನ ಹೆಸರು ಹೊಡೆದಳು. ಬೆರಳು 'ಕಳಿಸು' ಬಟನ್ ಹತ್ತಿರ ಹೋಗಿ ನಿಂತಿತು. ಒಂಬೈನೂರು ಸಲ ಹುಳು ಸರಿಸಿದ್ದು ಯಾರು?

ತನ್ನ ಹೆಸರಿನ ಹಿಂದಕ್ಕೆ ಹೋಗಿ, ಮೊದಲಿಗೆ ತಮ್ಮನ ಹೆಸರು ಟೈಪ್ ಮಾಡಿದಳು.

ಕಡ್ಡಿ ಪರದೆಗೆ ಮೂಗು ತಾಗಿಸಿ ಒಂದೊಂದೇ ಅಕ್ಷರ ಓದಿದ. "ಅಕ್ಕಾ, ನನ್ನ ಹೆಸರಿಗೆ ದೀರ್ಘ ಇದೆ."

ಐದಕ್ಕೆ ಇನ್ನು ಎರಡೇ ನಿಮಿಷ. ಬುಗುರಿ ಬೈಯಲಿಲ್ಲ. ವಾಪಸ್ ಹೋಗಿ ದೀರ್ಘ ಹಾಕಿದಳು.

"ಈಗ ಸರಿ ಇದ್ಯಾ ನೋಡು," ಅಂದಳು. ಅವನು ಹೂಂ ಅನ್ನುವವರೆಗೂ ಕಾದಳು. ಆಮೇಲೇ ಬಟನ್ ಒತ್ತಿದಳು.