ಮುಚ್ಚಿದ ಬ್ರಾಂಚಿನಲ್ಲಿ ಹದಿನೈದು ಸಲ

ಅಸಹ್ಯಪಡುವುದರಲ್ಲಿ ಅವಳನ್ನು ಮೀರಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಕರೆದುಕೊಂಡು ಬನ್ನಿ, ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ಅವಳು ನೆಲಮಾಳಿಗೆಯಲ್ಲಿ ಮೂಗು ಮುರಿದರೆ ಏಳನೇ ಮಹಡಿಯಲ್ಲಿ ಹಾಲು ಒಡೆಯುತ್ತಿತ್ತು.

ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್‌ಗೆ ಅವಳು ರಿಲೀಸ್ ಮ್ಯಾನೇಜರ್. ಪ್ರತಿ ಆವೃತ್ತಿಗೂ ಮುಖ್ಯ ಕೋಡಿನಿಂದ ಒಂದು ಬ್ರಾಂಚ್, ಅಂದರೆ ಕವಲು, ಬೇರೆ ಮಾಡುವುದು, ಎರಡು ವರ್ಷ ಅದರ ತಪ್ಪು ತಿದ್ದಿಸುವುದು, ಆಮೇಲೆ ಮುಚ್ಚುವುದು ಅವಳ ಕೆಲಸ. ಅದಕ್ಕೇ ಬೆನ್ನ ಹಿಂದೆ ಎಲ್ಲರೂ ‘ಕತ್ತರಿ’ ಎನ್ನುತ್ತಿದ್ದರು. ಮುಚ್ಚಿದ ಬ್ರಾಂಚಿಗೆ ಕೈಹಾಕಿದವರಿಗೆ ಕೋಡ್ ಸೇರಿಸುವ ಹಕ್ಕು ಆ ದಿನವೇ ರದ್ದು. ನಿಯಮ ಅವಳೇ ಬರೆದದ್ದು.

ಆ ಬೆಳಿಗ್ಗೆ ಹಳೆಯ ಸರ್ವರ್ ಗುಡಿಸುತ್ತಿದ್ದಾಗ 4.9.31 ಎಂಬ ಆವೃತ್ತಿ ಕಣ್ಣಿಗೆ ಬಿತ್ತು. ನಾಲ್ಕನೇ ಆವೃತ್ತಿಯನ್ನು ಅವಳು ಮುಚ್ಚಿದ್ದು ಹದಿನಾರನೇ ತಿದ್ದುಪಡಿಗೆ, 4.9.16ಕ್ಕೆ. ಅಂದರೆ ಸತ್ತ ಬ್ರಾಂಚಿಗೆ ಯಾರೋ ಕದ್ದು ಹದಿನೈದು ಸಲ ಉಸಿರೂದಿದ್ದಾರೆ. ಬಾಯಿಗಿಟ್ಟ ತುತ್ತಿನಲ್ಲಿ ಕೂದಲು ಸಿಕ್ಕಂತಾಯಿತು.

ಯಾರೆಂದು ಹುಡುಕಿದಳು. ಪ್ರಿಂಟರಪ್ಪ. ಪ್ರಿಂಟರುಗಳಿಗೆ ಕೋಡ್ ಬರೆಯುವ, ಕೀಬೋರ್ಡಿನಲ್ಲಿ ಬಿಸ್ಕತ್ತಿನ ಪುಡಿ ಸಾಕುವ ಆಸಾಮಿ. ಅವನ ಕಾಫಿ ಮಗ್ಗಿನ ಒಳಗೋಡೆಯಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಕರೆಯ ಉಂಗುರ ಬೆಳೆದಿತ್ತು.

“ಏನಿದು?” ಅವನ ಮೇಜಿನ ಮುಂದೆ ನಿಂತು ಕೇಳಿದಳು.

“ಮಗ್ಗು.”

“ಆ ಅನಿಷ್ಟದ ಬಗ್ಗೆ ಆಮೇಲೆ ಮಾತಾಡೋಣ. 4.9.31, ಏನದು?”

ಅವನು ಮಗ್ಗಿನ ಅಂಚಿನ ಮೇಲಿನಿಂದ ನೋಡಿದ. ಇಂಥ ಕೊಳಕನಿಗೆ ಇಷ್ಟು ಉದ್ದದ ರೆಪ್ಪೆಗಳು ಯಾಕೆ ಎನಿಸಿತು ಅವಳಿಗೆ. ಎನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

“ಓ, ಅದಾ,” ಎಂದ.

“ಹದಿನೈದು ಸಲ. ನಾಚಿಕೆ ಆಗಲಿಲ್ವಾ ನಿಮಗೆ?”

“ಮೊದಲೆರಡು ಸಲ ಆಯ್ತು ಮೇಡಂ. ಆಮೇಲೆ ರೂಢಿ ಆಗೋಯ್ತು.”

“ಎಷ್ಟು ಜನ ಬಳಸ್ತಿದ್ದಾರೆ ಅದನ್ನ?”

“ಒಬ್ಬರು. ಪಾಪ, ಒಳ್ಳೇ ಮನುಷ್ಯ. ಮಗಳು ಸ್ವಲ್ಪ ಜೋರು.”

ಹಕ್ಕು ರದ್ದಾದರೆ ಹತ್ತು ವರ್ಷದ ದುಡಿಮೆ ಹೋಯಿತೆಂದು ಗೊತ್ತಿದ್ದೂ ನಗುತ್ತಿದ್ದಾನಲ್ಲ. ಅವಳ ಮೂಗಿನ ಹೊಳ್ಳೆ ಅರಳಿತು. ಅವನು ಸುಮ್ಮನೆ ಸ್ಕ್ರೀನ್ ಅವಳ ಕಡೆ ತಿರುಗಿಸಿದ. ಯಾರೋ ಬಳಕೆದಾರರ ಪತ್ರ.

“ನನ್ನದು ಔಷಧಿ ಅಂಗಡಿ. ಕೈ ನಡುಗುತ್ತದೆ, ಎಷ್ಟು ಮಾತ್ರೆ, ಯಾವಾಗ ಎಂದು ಡಬ್ಬಿಯ ಮೇಲೆ ಬರೆಯಲಾಗುವುದಿಲ್ಲ. ನನ್ನ ಹಳೇ ಲೇಬಲ್ ಪ್ರಿಂಟರ್ ಐದನೇ ಆವೃತ್ತಿಯಲ್ಲಿ ಓಡುವುದಿಲ್ಲ. ನಾಲ್ಕನ್ನು ಮುಚ್ಚಿದವಳು ನನ್ನ ಮಗಳೇ. ಅವಳನ್ನು ಕೇಳಿದರೆ ಒಂದು ಗಂಟೆ ನಿಯಮ ಹೇಳುತ್ತಾಳೆ. ದಯವಿಟ್ಟು ಅವಳಿಗೆ ತಿಳಿಸಬೇಡಿ.”

ಅವಳು ಎರಡು ಸಲ ಓದಿದಳು. ದಿನಾ ಊಟಕ್ಕೆ ಕೂತಾಗ “ಅಂಗಡಿ ಹೇಗಿದೆಯಪ್ಪಾ?” ಎನ್ನುತ್ತಿದ್ದಳು, ಅಪ್ಪ “ಚೆನ್ನಾಗಿದೆ ಮಗಳೇ” ಎಂದು ಕೈಯನ್ನು ಮೇಜಿನ ಕೆಳಗಿಡುತ್ತಿದ್ದ. ಜಗತ್ತಿನ ಸಕಲ ಕೊಳಕನ್ನೂ ಪತ್ತೆಹಚ್ಚಿದ ಆ ಮೂಗು ಮೊದಲ ಬಾರಿ ತನ್ನ ಕಡೆಗೇ ತಿರುಗಿತು.

“ನನಗ್ಯಾಕೆ ಹೇಳಲಿಲ್ಲ?”

“ಅವರು ಮಾತು ತಗೊಂಡಿದ್ರು.”

“ಹದಿನೈದು ಸಲವೂ ಅಂಗಡಿಗೆ ಹೋಗಿದ್ರಾ?”

“ಹಾಕಿಕೊಡಬೇಕಲ್ಲ. ಅಲ್ಲಿ ಗೋಡೆ ಮೇಲೆ ನಿಮ್ಮ ಫೋಟೋ ಇದೆ. ಎರಡು ಜಡೆ. ಆಗಲೂ ಮೂಗು ಮುರ್ಕೊಂಡೇ ಇದ್ದೀರಿ.” ಅವನ ಕಿವಿ ಕೆಂಪಾಯಿತು. “ಎರಡು ಸಲ ಪ್ರಿಂಟರಿಗೋಸ್ಕರ ಹೋದೆ. ಉಳಿದ ಹದಿಮೂರು ಸಲ ಆ ಫೋಟೋಗೆ.”

ಕಟ್ಟಡದ ಇಪ್ಪತ್ತು ಸಾವಿರ ಕಂಪ್ಯೂಟರುಗಳು ಉಸಿರು ಬಿಗಿಹಿಡಿದವು. ಎಣಿಸಿದವನು ನಾನೇ.

ಅವಳು ಕುರ್ಚಿ ಎಳೆದು, ಬಿಸ್ಕತ್ತಿನ ಪುಡಿ ಕೊಡವಿ, ಅವನ ಕೀಬೋರ್ಡಿನಲ್ಲೇ ಟಕಟಕ ಕುಟ್ಟಿದಳು.

“ನಿಮ್ಮ ಹಕ್ಕು ರದ್ದಾಯ್ತು. ನಾಲ್ಕಕ್ಕೆ ನಿಜವಾಗಲೂ ಬೀಗ ಬಿತ್ತು.”

ಅವನ ನಗು ಇಳಿಯಿತು. “ನಿಮ್ಮಪ್ಪನ ಲೇಬಲ್ಲು?”

“ಆ 4.9.31 ಸದ್ಯಕ್ಕೆ ಅಂಗಡೀಲಿ ಓಡ್ತಿರಲಿ. ಆ ಪ್ರಿಂಟರಿನ ಕೋಡು ರಾಜಾರೋಷವಾಗಿ ಮುಖ್ಯ ಕೋಡಿಗೇ ಬರಬೇಕು, ಮುಂದಿನ ಎಲ್ಲ ಆವೃತ್ತಿಗೂ ಸಿಗೋ ಹಾಗೆ. ಹಕ್ಕಿಲ್ಲದವರು ಹೊಸಬರ ಥರ ಕಳಿಸಬೇಕು. ಒಬ್ಬರು ಸಾಲು ಸಾಲೂ ನೋಡಿ ಒಪ್ಪಬೇಕು.”

“ಯಾರು ನೋಡ್ತಾರೆ?”

“ಈ ತಿಪ್ಪೆಗೆ ಇನ್ಯಾರು ಬರ್ತಾರೆ? ನಾನೇ.”

“ಬಹಳ ದಿನ ಹಿಡಿಯತ್ತೆ ಮೇಡಂ.”

“ಹಿಡೀಲಿ. ಎರಡು ವರ್ಷ ಅಂತೂ ನಿಯಮದಲ್ಲೇ ಇದೆ.”

“ಆಮೇಲೆ ಬೀಗಾನಾ?”

“ನಿನ್ನ ನಡತೆ ನೋಡಿ ಹೇಳ್ತೀನಿ.”

‘ನಿನ್ನ’ ಎಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರಂತೆ ಸ್ಕ್ರೀನ್ ನೋಡಿದರು.

ಅವಳು ಕಣ್ಣು ಮುಚ್ಚಿ, ಆ ಅನಿಷ್ಟದ ಮಗ್ಗನ್ನು ಎತ್ತಿ ಒಂದು ಗುಟುಕು ಕುಡಿದಳು.

“ಥೂ, ಅಸಹ್ಯ,” ಎಂದಳು.

ಇನ್ನೊಂದು ಗುಟುಕು ಕುಡಿದಳು.