ಸಾವಿರದ ಒಂಬತ್ತನೆಯ ಮಣಿ

ಬಹಳ ಹಿಂದೆ ಹವಳಗಿರಿ ಎಂಬ ರಾಜ್ಯ ಇತ್ತು. ಅಲ್ಲಿ ಬೊಮ್ಮಯ್ಯ ಮಣಿ ಪೋಣಿಸುತ್ತಿದ್ದ. ಹೆಂಡತಿ ಸಿರಿಯವ್ವ ಎಣಿಸುತ್ತಿದ್ದಳು. ಎಣಿಸುವವರು ಹೇಳದೆ ಪೋಣಿಸುವವರು ಗಂಟು ಹಾಕಬಾರದು. ಅವರ ಕಸುಬಿನ ಪದ್ಧತಿ ಅದು.

ಒಂದು ದಿನ ರಾಜ ಸರ ನೋಡಿ, "ಎಣಿಕೆ ಅಂದರೆ ಸಿರಿಯವ್ವನದು" ಅಂದ. ಬೊಮ್ಮಯ್ಯನ ಹೆಸರು ಎತ್ತಲಿಲ್ಲ. ಬೊಮ್ಮಯ್ಯನಿಗೆ ಹೊಟ್ಟೆ ಉರಿಯಿತು.

"ಬೆರಳು ಸವೆಸೋನು ನಾನು, ಹೆಸರು ಇವಳಿಗೆ. ಇವಳೊಬ್ಬಳು ಇಲ್ಲದಿದ್ರೆ ಚೆನ್ನಾಗಿತ್ತು."

ಮಾಯಾವಿ ಧೂಮಕೇಶ ಆ ಮಾತಿಗೇ ಕಾಯುತ್ತಿದ್ದ. ಗಂಡ ಹೆಂಡತಿ ಜೊತೆಗೆ ಕೂತರೆ ಅವನಿಗೆ ಕಣ್ಣುರಿ. ಅಂಥ ಎಷ್ಟೋ ಜನರನ್ನು ಹಕ್ಕಿ ಮಾಡಿ ತನ್ನ ಗವಿಯ ಪಂಜರಗಳಲ್ಲಿ ಇಟ್ಟಿದ್ದ. ಸಿರಿಯವ್ವನನ್ನೂ ಮಾತಾಡುವ ಗೊರವಂಕ ಹಕ್ಕಿ ಮಾಡಿ ಅಲ್ಲಿಗೆ ಒಯ್ದ. ಅವಳ ತಾಳಿ ನೆಲಕ್ಕೆ ಬಿತ್ತು. ಬೊಮ್ಮಯ್ಯ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗವಿಗೆ ಹೋದ.

"ನನ್ನ ಹೆಂಡ್ತೀನ ಕೊಡು."

"ಬೇಡ ಅಂದೋನು ನೀನೇ ಅಲ್ಲವೇನೋ?" ಮಾಯಾವಿ ನಕ್ಕ. "ಮೂರು ಸರ ತಾ. ಮಣಿಗಳನ್ನ ನಾನು ಒಂದೂ ಉಳಿಯದ ಹಾಗೆ ಸಮ ಸಾಲು ಹಾಕ್ತೀನಿ. ಒಂದೇ ಸಾಲು ಹಾಕೋ ಹಾಗಿಲ್ಲ, ಸಾಲಿಗೆ ಒಂದೇ ಮಣಿಯೂ ಇಡೋ ಹಾಗಿಲ್ಲ. ಸಮ ಆಗದ ಸರ ತಂದ್ರೆ ನನ್ನ ಮಾಯೆ ಸತ್ತಿತು. ಮೂರನೆಯದು ಸಾವಿರ ದಾಟಿರಬೇಕು. ಸೋತ್ರೆ ಇವಳು ಹಕ್ಕಿಯೇ."

ಪಂಜರದಿಂದ ಸಿರಿಯವ್ವ ಕೇಳಿದಳು, "ಎಣಿಕೆ ಹೇಳ್ಲಾ?"

"ನಂಗೂ ಬರ್ತದೆ."

ತೊಂಬತ್ತೊಂದು ಮಣಿ ಪೋಣಿಸಿದ. ಎರಡರಲ್ಲಿ ನೋಡಿದ, ಮೂರರಲ್ಲಿ ನೋಡಿದ, ಐದರಲ್ಲಿ ನೋಡಿದ. ಸಮ ಆಗಲಿಲ್ಲ. ಮಾಯಾವಿ ಏಳೇಳು ಇಟ್ಟ. ಹದಿಮೂರು ಸಾಲು, ಸರಿಯಾಗಿ ಕೂತವು.

"ಎಣಿಕೆ ಹೇಳ್ಲಾ?"

"ಸುಮ್ನಿರೇ."

ಇನ್ನೂರ ಇಪ್ಪತ್ತೊಂದು ಪೋಣಿಸಿದ. ಏಳು, ಹನ್ನೊಂದರಲ್ಲೂ ನೋಡಿದ್ದ. ಮಾಯಾವಿ ಹದಿಮೂರು ಹದಿಮೂರು ಇಟ್ಟ. ಹದಿನೇಳು ಸಾಲು.

ಈ ಸಲ ಸಿರಿಯವ್ವ ಕೇಳಲಿಲ್ಲ. ಅವಳು ಕೇಳದೆ ಇದ್ದದ್ದೇ ಬೊಮ್ಮಯ್ಯನಿಗೆ ತಡೆಯಲಾಗಲಿಲ್ಲ. ಪಂಜರದ ಮುಂದೆ ಕೂತ.

"ನಂಗೆ ಬರಲ್ಲ ಕಣೇ. ನೀನೇ ಹೇಳು."

"ಸಾವಿರದ ಎಂಟು ಪೋಣಿಸಿ. ನನ್ನ ತಾಳೀಲಿರೋ ಹವಳ ಒಂದು ಸೇರಿಸಿ. ಕೂತಲ್ಲೇ ಎಣಿಸಿದೀನಿ."

ಹಾಗೇ ಮಾಡಿದ. ಮಾಯಾವಿ ಎರಡೆರಡು ಇಟ್ಟ. ಹವಳ ಉಳಿಯಿತು. ಮೂರರಲ್ಲೂ ಉಳಿಯಿತು. ಏಳರಲ್ಲೂ ಅದೊಂದೇ ಉಳಿಯಿತು. ನಡುವಿನ ಒಂದು ಎಣಿಕೆಯನ್ನೂ ಬಿಡದೆ ಇಡುತ್ತಾ ಹೋದ. ಹದಿಮೂರರಲ್ಲಿ ಎಂಟು ಉಳಿದವು. ಮೂವತ್ತೊಂದರಲ್ಲಿ ಹದಿನೇಳು.

"ಇನ್ನೂ ಉದ್ದ ಸಾಲು ಹಾಕ್ತೀನಿ!"

"ಸಾಲು ಉದ್ದ ಆದ್ರೆ ಸಾಲುಗಳು ಕಮ್ಮಿ ಆಗ್ತವೆ" ಅಂದಳು ಸಿರಿಯವ್ವ. "ಆ ಕಮ್ಮಿ ಎಣಿಕೇನೆಲ್ಲ ಆಗಲೇ ಇಟ್ಟು ನೋಡಿದೀಯಲ್ಲಪ್ಪ. ಇದು ಯಾರಿಗೂ ಒಡೆಯೋ ಎಣಿಕೆ ಅಲ್ಲ."

ಮಾಯಾವಿ ಹೊಗೆಯಾಗಿ ಹೋದ. ಗವಿಯ ಪಂಜರಗಳೆಲ್ಲ ತೆರೆದವು. ಹಕ್ಕಿಗಳೆಲ್ಲ ಮನುಷ್ಯರಾಗಿ ತಂತಮ್ಮ ಜೊತೆಯವರ ಹತ್ತಿರ ಹೋದರು. ಹವಳಗಿರಿ ನಕ್ಕಿತು. ಎಲ್ಲರೂ ಸುಖವಾಗಿ ಬಾಳಿದರು.

ಆ ಸಂಜೆ ಬೊಮ್ಮಯ್ಯ ಹವಳವನ್ನು ತಿರುಗಿ ತಾಳಿಗೆ ಪೋಣಿಸಿದ. ಅವಳ ಕೊರಳಿಗೆ ಹಿಡಿದು, ಕೇಳಿದ.

"ಗಂಟು ಹಾಕ್ಲೇನೇ?"

"ಹಾಕಿ" ಅಂದಳು.