ಹಸಿರು ಪಟ್ಟಿಯ ಕೆಳಗಿನ ಗುರುತು

ಮಾಂಪಾಂಗ್ ಇಳಿಜಾರಿನಲ್ಲಿ ವ್ಯಾನು ಮಗುಚಿ ಐದು ಜನ ಸತ್ತದ್ದು ಸೋಮವಾರ ಬೆಳಿಗ್ಗೆ. ಅದು ಬರೀ ಅಪಘಾತವಲ್ಲ ಅನ್ನುವ ಅನುಮಾನ ಹುಟ್ಟಿದ್ದು ಬುಧವಾರ, ಠಾಣೆಯ ಹಿತ್ತಲಲ್ಲಿ ಅದರ ಇಂಜಿನ್ ಬಿಚ್ಚಿದಾಗ.

ಕ್ರ್ಯಾಂಕ್ ಶಾಫ್ಟ್ ಎರಡು ತುಂಡಾಗಿತ್ತು. ಇಂಜಿನ್ನಿನ ಬೆನ್ನುಮೂಳೆ ಅದು. ಇಳಿಜಾರಿನ ನಡುವೆ ಮುರಿದು ಇಂಜಿನ್ ಕಚ್ಚಿಕೊಂಡಿತ್ತು, ಹಿಂದಿನ ಚಕ್ರಗಳು ಬಿಗಿದು ನಿಂತಿದ್ದವು. ಚಾಲಕ ಫುಸೇನಿ ಏನೇ ಮಾಡಿದ್ದರೂ ವ್ಯಾನು ಉಳಿಯುತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ನಾರ್ಟೆ ಒಂದು ತುಂಡನ್ನು ಹೊರಳಿಸಿ, ಅದರ ತುದಿಯ ಅಂಚಿನಲ್ಲಿದ್ದ ಹಸಿರು ಬಣ್ಣದ ಪಟ್ಟಿ ತೋರಿಸಿದ.

"ಇದು ಯಾರ ಗುರುತು?"

"ನನ್ನದು," ಅಂದಳು ದುಫಿ.

ಕುಮಾಸಿಯ ಸುವಾಮೆ ಗ್ಯಾರೇಜು ಕೇರಿಯಲ್ಲಿ ಆ ಪಟ್ಟಿ ಗೊತ್ತಿಲ್ಲದ ಫಿಟ್ಟರ್ ಇಲ್ಲ. ಹಳೆಯ ಸಾಮಾನು ಮತ್ತೆ ಇಂಜಿನ್ನಿಗೆ ಹೋಗಬಹುದೋ ಇಲ್ಲವೋ ಎಂದು ತೀರ್ಪು ಕೊಡುವುದು ಹತ್ತೊಂಬತ್ತು ವರ್ಷದಿಂದ ದುಫಿಯ ಕಸುಬು. ಸಾಮಾನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕುತ್ತಾಳೆ. ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸುತ್ತಾಳೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಅದರಲ್ಲಿ ಅಡಗಿದ ಎಣ್ಣೆ ಪುಡಿಗೆ ಏರಿ ಗೆರೆ ಬೀಳುತ್ತದೆ. ಗೆರೆ ಇಲ್ಲದಿದ್ದರೆ ಹಸಿರು ಪಟ್ಟಿ. ಗೆರೆ ಇದ್ದರೆ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಒಂದೇ ಏಟು: ಕತ್ತರಿ ಗುರುತು. ಆ ಅಚ್ಚನ್ನು ಅವಳೇ ಅರದಿಂದ ಕೊರೆದದ್ದು. ಕತ್ತರಿಯ ಒಂದು ಕಾಲು ಮೋಟು. ಆ ಗುರುತು ಬಿದ್ದದ್ದು ಗುಜರಿಗೆ, ಅಲ್ಲಿಂದ ಕರಗಿಸಲು ತೆಮಾದ ಕುಲುಮೆಗೆ.

ದುಫಿ ಬಗ್ಗಿ ಮುರಿದ ಜಾಗ ನೋಡಿದಳು. ಮುಕ್ಕಾಲು ಭಾಗ ಕಪ್ಪಾಗಿ, ಸವೆದು, ನುಣ್ಣಗಿತ್ತು. ಉಳಿದ ಕಾಲು ಭಾಗ ಮಾತ್ರ ಸಕ್ಕರೆ ಹರಳಿನ ಹಾಗೆ ಹೊಳೆಯುತ್ತಿತ್ತು.

"ಹೊಳೆಯೋದು ಸೋಮವಾರ ಮುರಿದದ್ದು. ಕಪ್ಪಗಿರೋದು ಎಷ್ಟೋ ತಿಂಗಳ ಹಿಂದೆಯೇ ಬಿರುಕು ಬಿಟ್ಟದ್ದು. ಇದನ್ನ ನಾನು ಪಾಸು ಮಾಡಿಲ್ಲ."

"ಎಲ್ಲರೂ ಹಾಗೇ ಅಂತಾರೆ, ದುಫಿಯಕ್ಕ," ಅಂದ ನಾರ್ಟೆ. "ಇಂಜಿನ್ ಕಟ್ಟಿದ ಮುದುಕ ಲಾಕಪ್ಪಿನಲ್ಲಿದ್ದಾನೆ. ನಿಮಗೆ ಶನಿವಾರದವರೆಗೆ ಟೈಮು. ಆಮೇಲೆ ನಿಮ್ಮನ್ನೂ ಕೂರಿಸಬೇಕಾಗುತ್ತೆ."

* * *

ಲಾಕಪ್ಪಿನಲ್ಲಿದ್ದ ಮುದುಕ ಬೊಸೊಂಪೆಮ್. ಎಪ್ಪತ್ತು ದಾಟಿದೆ, ಕಣ್ಣಿಗೆ ಪೊರೆ ಬಂದಿದೆ. ಹೆಣ್ಣುಹುಡುಗಿಗೆ ಯಾರೂ ಸ್ಪ್ಯಾನರ್ ಮುಟ್ಟಲು ಬಿಡದ ಕಾಲದಲ್ಲಿ ದುಫಿಗೆ ಕಸುಬು ಕಲಿಸಿದವನು ಅವನೇ. ಆದರೂ ಅವಳು ಒಳಗೆ ಹೋದದ್ದು ಕುದಿಯುತ್ತಲೇ. ಕಣ್ಣು ಕಾಣದೆ, ಕೆಲಸ ಬೇಗ ಮುಗಿಯಲಿ ಅಂತ ಮುದುಕನೇ ಹಸಿರು ಬಳಿದುಕೊಂಡನೇ?

"ಮೇಸ್ತ್ರಿ, ನನ್ನ ಮುಖ ನೋಡಿ ಹೇಳಿ. ಆ ಬಣ್ಣ ಬಳಿದವರು ನೀವಾ?"

ಮುದುಕ ಅವಳತ್ತ ಮುಖ ತಿರುಗಿಸಿದ. ತಂದುಕೊಟ್ಟ ಮೆಕ್ಕೆಜೋಳದ ಕಡುಬು, ಕೆಂಕೆ, ಎಲೆಯಲ್ಲಿ ಹಾಗೇ ಇತ್ತು.

"ಅಧ್ಯಕ್ಷನ ಅಂಗಡಿಯಲ್ಲಿ ಕೊಂಡೆ ಮಗಳೇ. ಬಣ್ಣ ಇತ್ತು. ನಿನ್ನ ಬಣ್ಣ ಅಂತ ನಾನು ಮತ್ತೆ ನೋಡಲಿಲ್ಲ. ತಪ್ಪು ನನ್ನದೇ. ಪೊಲೀಸರು ಹಾಗೇ ಬರಕೊಳ್ಳಲಿ ಬಿಡು."

ದುಫಿಗೆ ಅವನ ಮೇಲಿದ್ದ ಸಿಟ್ಟು ಅಲ್ಲೇ ಸತ್ತಿತು. ಆ ಜಾಗಕ್ಕೆ ಬೇರೊಂದು ಸಿಟ್ಟು ಬಂದು ಕೂತಿತು.

* * *

ಅಧ್ಯಕ್ಷ ಅಂದರೆ ಅಜಾಪಾಂಗ್. ಫಿಟ್ಟರುಗಳ ಸಂಘದ ಮುಖ್ಯಸ್ಥ, ಕೇರಿಯಲ್ಲೇ ದೊಡ್ಡ ಬಿಡಿಭಾಗದ ಅಂಗಡಿ. ಹಳೆಯ ಕಬ್ಬಿಣವನ್ನು ತೆಮಾದ ಕುಲುಮೆಗೆ ಹೊರುವ ಲಾರಿಯೂ ಅವನದೇ. ಸತ್ತವರ ಮನೆಗಳಿಗೆಲ್ಲ ಅವನೇ ಮೊದಲು ಹೋಗಿ ಬಂದಿದ್ದ. ದುಫಿಗೆ ಕುರ್ಚಿ ಹಾಕಿಸಿದ, ನೀರು ತರಿಸಿದ.

ಆ ಕ್ರ್ಯಾಂಕ್ ಕೊರಿಯಾದ ಕಂಟೇನರಿನಲ್ಲಿ ಬಂದದ್ದು ಅಂದ. ಬಂದಿಳಿದ ವಾರವೇ ಬೊಸೊಂಪೆಮ್ ಕೊಂಡೊಯ್ದನಂತೆ. ರಶೀದಿಯನ್ನೂ ತೋರಿಸಿದ. ತನ್ನ ಅಂಗಡಿಯಿಂದ ಹೋಗುವಾಗ ಅದಕ್ಕೆ ಬಣ್ಣವೇ ಇರಲಿಲ್ಲ, ಪರೀಕ್ಷೆ ಮಾಡಿಸಿಕೋ ಎಂದು ತಾನೇ ಹೇಳಿ ಕಳಿಸಿದ್ದೆ ಅಂದ.

"ಹಸಿರು ಡಬ್ಬಿ ಯಾರು ಬೇಕಾದರೂ ಕೊಳ್ಳಬಹುದು ಕಣಮ್ಮ. ವಯಸ್ಸಾದ ಮನುಷ್ಯ. ನೀನು ಅವನ ಪರ ನಿಂತು ನಿನ್ನ ಹೆಸರು ಕೆಡಿಸಿಕೊಳ್ಳಬೇಡ."

ಮಾತು ಬೆಣ್ಣೆಯಂತಿತ್ತು. ಎಲ್ಲೂ ಸಡಿಲವಿರಲಿಲ್ಲ. ದುಫಿ ನೀರು ಮುಟ್ಟದೆ ಎದ್ದು ಬಂದಳು.

* * *

ಗುರುವಾರ ಅವಳು ಮತ್ತೆ ಠಾಣೆಗೆ ಹೋದಳು. ಈ ಸಲ ಮುರಿದ ಜಾಗ ನೋಡಲಿಲ್ಲ, ಪಟ್ಟಿಯನ್ನೇ ನೋಡಿದಳು. ಉಗುರಿನಿಂದ ಬಣ್ಣ ಕೆರೆದಳು. ಕೆಳಗೆ ಸಣ್ಣ ಅರದ ಗೀರುಗಳಿದ್ದವು. ಉಕ್ಕಿನ ಅಳತೆಪಟ್ಟಿಯನ್ನು ಅಂಚಿಗೆ ಒತ್ತಿ ಬೆಳಕಿಗೆ ಹಿಡಿದಾಗ, ಹೆಬ್ಬೆರಳಿನಗಲ ಜಾಗದಲ್ಲಿ ನಡುವೆ ಬೆಳಕು ನುಸುಳಿತು. ಅಲ್ಲಿ ತಗ್ಗಿತ್ತು.

ಆ ಅಂಚಿನಲ್ಲಿ ಅರ ಹಾಕುವ ಕೆಲಸ ಯಾವ ಫಿಟ್ಟರಿಗೂ ಇಲ್ಲ. ಏನನ್ನಾದರೂ ಅಳಿಸುವುದಕ್ಕಲ್ಲದೆ ಅಲ್ಲಿ ಯಾರೂ ಅರ ಹಿಡಿಯುವುದಿಲ್ಲ. ಅಲ್ಲಿ ಅಳಿಸುವಂಥದ್ದು ಏನಿದ್ದೀತು ಅಂತ ಯೋಚಿಸುವಾಗಲೇ ದುಫಿಗೆ ಹೊಳೆಯಿತು, ತಾನು ಅಚ್ಚು ಹೊಡೆಯುವುದೂ ಅದೇ ಅಂಚಿಗೆ.

ಅವಳ ಅಪ್ಪ ಅಕ್ಕಸಾಲಿಗನಾಗಿದ್ದ. ಕದ್ದ ಒಡವೆಯ ಮೇಲೆ ಹೆಸರು ತೇಯ್ದಿದ್ದರೂ ಆಸಿಡ್ ಹಾಕಿ ಓದಿ ಹೇಳುತ್ತಿದ್ದ. ಸುತ್ತಿಗೆಯ ಏಟು ಮೇಲ್ಮೈಗೆ ನಿಲ್ಲುವುದಿಲ್ಲ, ಕೆಳಗಿನ ಲೋಹವನ್ನೂ ಜಜ್ಜುತ್ತದೆ. ಅರ ತೆಗೆಯುವುದು ಮೇಲಿನ ಗುರುತನ್ನು ಮಾತ್ರ. ಜಜ್ಜಿದ ಲೋಹವನ್ನು ಆಸಿಡ್ ಬೇರೆ ಥರ ತಿನ್ನುತ್ತದೆ.

ಅಪ್ಪನ ಹಳೆಯ ಬೀದಿಯಿಂದ ಅವಳು ಒಂದು ಸಣ್ಣ ಸೀಸೆ ಆಸಿಡ್ ತಂದಳು. ಅರ ಹಾಕಿದ ಜಾಗವನ್ನು ಕನ್ನಡಿಯಂತೆ ಉಜ್ಜಿದಳು. ಹತ್ತಿಯನ್ನು ಆಸಿಡ್ಡಿನಲ್ಲಿ ಅದ್ದಿ ಒರೆಸಿದಳು, ಮತ್ತೆ ಒರೆಸಿದಳು. ನಾರ್ಟೆ ಮೊದಲು ನಿಂತು ನೋಡಿದ, ಆಮೇಲೆ ಕುಕ್ಕರಗಾಲಿನಲ್ಲಿ ಕೂತ. ಅರ್ಧ ಗಂಟೆಯಾದ ಮೇಲೆ ಮಂಜಿನೊಳಗಿಂದ ಮನುಷ್ಯ ಬರುವ ಹಾಗೆ ಒಂದು ಬೂದು ಗುರುತು ಮೇಲೆದ್ದಿತು.

ಕತ್ತರಿ. ಒಂದು ಕಾಲು ಮೋಟು.

"ಯಾರಿಗೂ ಹೇಳಬೇಡಿ," ಅಂದಳು ದುಫಿ. "ನಾಳೆ ಸಂಘದ ಸಭೆಗೆ ಬನ್ನಿ. ಬರೆಯುವುದಕ್ಕೆ ಕಾಗದ ತನ್ನಿ."

* * *

ಶುಕ್ರವಾರ ಸಂಘದ ತಗಡಿನ ಚಪ್ಪರದಡಿ ಇನ್ನೂರು ಫಿಟ್ಟರುಗಳು ಸೇರಿದ್ದರು. ಅಜಾಪಾಂಗ್ ಸೂತಕದ ಕಪ್ಪು ಬಟ್ಟೆ ಹೊದ್ದು ಮಾತಾಡುತ್ತಿದ್ದ. ಕಣ್ಣು ಮಂದವಾದವರು ಮರ್ಯಾದೆಯಿಂದ ಕೆಲಸ ಬಿಡಬೇಕು ಅಂದ. ಕೆಲವರು ತಲೆಯಾಡಿಸಿದರು.

ದುಫಿ ಎದ್ದು, ಆ ಕ್ರ್ಯಾಂಕ್ ಎಲ್ಲಿಂದ ಬಂತು ಅಂತ ಎಲ್ಲರೆದುರು ಇನ್ನೊಮ್ಮೆ ಹೇಳಬೇಕು ಎಂದು ಕೇಳಿದಳು. ಅವನು ಹೇಳಿದ: ಕೊರಿಯಾ, ಕಂಟೇನರು, ಅಂಗಡಿ. ಬೊಸೊಂಪೆಮ್ ಕೊಳ್ಳುವವರೆಗೆ ಕುಮಾಸಿಯಲ್ಲಿ ಬೇರೆ ಯಾರ ಕೈಗೂ ಹೋಗಿಲ್ಲ. ನಾರ್ಟೆ ಬರೆದುಕೊಂಡ, ಸಹಿ ಹಾಕಿಸಿಕೊಂಡ. ಅಜಾಪಾಂಗ್ ನಗುತ್ತಲೇ ಹಾಕಿದ.

ದುಫಿ ಮುರಿದ ತುಂಡನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ತನ್ನ ಅಚ್ಚನ್ನಿಟ್ಟಳು.

"ಕೊರಿಯಾದಲ್ಲಿ ನನ್ನ ಅಚ್ಚು ಯಾರ ಹತ್ತಿರ ಇದೆ, ಅಧ್ಯಕ್ಷರೇ?"

ಮುಂದಿನ ಸಾಲಿನವರು ಬಗ್ಗಿ ನೋಡಿದರು. ಹಿಂದಿನವರಿಗೆ ಅವರು ಹೇಳಿದರು. 

ಆಮೇಲೆ ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ಈ ಕ್ರ್ಯಾಂಕ್ ಹಿಂದೆಯೇ ತನ್ನ ಅಂಗಡಿಗೆ ಬಂದಿತ್ತು, ಬಿರುಕು ಕಂಡಿತ್ತು, ಏಟು ಬಿದ್ದಿತ್ತು. ಏಟು ಬಿದ್ದದ್ದನ್ನೆಲ್ಲ ಕುಲುಮೆಗೆ ಒಯ್ಯುವುದು ಈ ಕೇರಿಯಲ್ಲಿ ಒಂದೇ ಲಾರಿ, ಅಧ್ಯಕ್ಷರದು. ಕುಲುಮೆಗೆ ಹೋಗಬೇಕಾದದ್ದು ದಾರಿಯಲ್ಲಿ ಇಳಿಯಿತು. ಗುರುತನ್ನು ಅರದಿಂದ ತೆಗೆದು, ಆ ಗೀರು ಕಾಣದಿರಲಿ ಅಂತಲೇ ಅದರ ಮೇಲೆ ಹಸಿರು ಬಳಿದರು. ಮುದುಕನೇ ಬಳಿದಿದ್ದರೆ ಅರ ಹಾಕುವಾಗ ಅವನಿಗೆ ಕತ್ತರಿ ಕಂಡಿರಬೇಕು. ಹಾಗೆ ಕಂಡಿದ್ದರೆ, ಅಧ್ಯಕ್ಷರ ಅಂಗಡಿಯಲ್ಲಿ ಅದು ಕತ್ತರಿ ಗುರುತಿನ ಸಮೇತವೇ ಮಾರಾಟಕ್ಕಿತ್ತು ಅಂತಾಯಿತು. ಎರಡರಲ್ಲಿ ಯಾವುದು ನಿಜವಾದರೂ ಕೊರಿಯಾದ ಮಾತು ಸುಳ್ಳು.

ಅಜಾಪಾಂಗ್ ಮೊದಲು ತಪ್ಪೆಲ್ಲ ಲಾರಿ ಓಡಿಸುವವನದು ಅಂದ. ನಾರ್ಟೆ ಆ ಹೊತ್ತಿಗಾಗಲೇ ಅಂಗಡಿಗೆ ಪೇದೆಗಳನ್ನು ಕಳಿಸಿದ್ದ. ಅವರು ಒಳಕೋಣೆಯಿಂದ ಹಸಿರು ಡಬ್ಬಿ, ಅರ, ಮತ್ತು ಅಂಚು ತೇಯ್ದ ಒಂಬತ್ತು ಕ್ರ್ಯಾಂಕ್ ಹೊತ್ತು ತಂದರು. ಆ ಕೋಣೆಯ ಬೀಗದ ಕೈ ಅಧ್ಯಕ್ಷನ ಸೊಂಟದಲ್ಲೇ ಇತ್ತು.

ಆಗ ಅವನ ದನಿಯ ಬೆಣ್ಣೆ ಕರಗಿತು.

"ಇಲ್ಲಿ ಹಳೇದು ಮಾರದವರು ಯಾರಿದ್ದೀರಿ? ಕೂದಲೆಳೆ ಬಿರುಕು. ಎಷ್ಟೋ ಸಲ ವರ್ಷಗಟ್ಟಲೆ ಓಡುತ್ತೆ. ಇದೂ ಓಡಿದ್ದರೆ ನೀವ್ಯಾರೂ ಕೇಳುತ್ತಿರಲಿಲ್ಲ."

"ಹಳೇದು ನಾವೆಲ್ಲ ಮಾರ್ತೀವಿ," ಅಂದಳು ದುಫಿ. ದನಿ ಏರಿರಲಿಲ್ಲ, ಆದರೆ ಕೊನೆಯ ಸಾಲಿಗೂ ಕೇಳಿತು. "ಸತ್ತದ್ದನ್ನ ಬದುಕಿದೆ ಅಂತ ಮಾರಿದವನು ನೀನೊಬ್ಬನೇ. ಓಡುತ್ತೆ ಅಂತ ನಂಬಿದ್ದರೆ ನಿನ್ನ ಸ್ವಂತ ಲಾರಿಗೆ ಒಂದನ್ನಾದರೂ ಹಾಕಿಸಿದ್ದೀಯಾ, ಹೇಳು."

ಜನ ಮುನ್ನುಗ್ಗಿದರು. ನಾರ್ಟೆ ಅವನನ್ನು ಜೀಪು ಹತ್ತಿಸುವಷ್ಟರಲ್ಲಿ ಕಪ್ಪು ಬಟ್ಟೆ ಹರಿದು ನೆಲ ಸೇರಿತ್ತು.

* * *

ಶನಿವಾರ ಬೆಳಿಗ್ಗೆ ಬೊಸೊಂಪೆಮ್‌ನನ್ನು ಬಿಟ್ಟರು. ದುಫಿ ಮನೆಗೆ ಕರೆದಳು. ಅವನು ಮೊದಲು ಸತ್ತ ಚಾಲಕ ಫುಸೇನಿಯ ಮನೆಗೆ ಹೋಗಬೇಕು ಅಂದ. ಅಲ್ಲಿ ಏನು ಹೇಳುತ್ತೀರಿ ಎಂದು ಕೇಳಿದ್ದಕ್ಕೆ, "ನೋಡದೇ ಹಾಕಿದೆ ಅಂತ ಹೇಳ್ತೀನಿ. ಅದು ನಿಜ ತಾನೇ?" ಅಂದ. ಅವಳು ರಸ್ತೆಯ ತಿರುವಿನವರೆಗೂ ಅವನ ಬೆನ್ನನ್ನೇ ನೋಡುತ್ತ ನಿಂತಳು.

ಅಜಾಪಾಂಗ್ ಇಂಥ ಕ್ರ್ಯಾಂಕ್ ಇನ್ನೂ ಹದಿನಾಲ್ಕು ಮಾರಿದ್ದೇನೆ ಅಂತ ಒಪ್ಪಿಕೊಂಡಿದ್ದ. ಮುರಿದದ್ದು ಫುಸೇನಿಯ ವ್ಯಾನಿನದೊಂದೇ. ಉಳಿದವು ಇವತ್ತೂ ರಸ್ತೆಯ ಮೇಲಿದ್ದವು. ಆರು ವ್ಯಾನುಗಳ ನಂಬರು ಸಿಕ್ಕಿತ್ತು, ಮಿಕ್ಕವು ಯಾವುವೆಂದು ಅವನಿಗೇ ನೆನಪಿರಲಿಲ್ಲ. ನಾರ್ಟೆ ಎಲ್ಲ ಠಾಣೆಗಳಿಗೂ ಕಾಗದ ಕಳಿಸುತ್ತೇನೆ, ಸೋಮವಾರ ತಲುಪುತ್ತದೆ ಅಂದ.

ದುಫಿ ಸೋಮವಾರಕ್ಕೆ ಕಾಯಲಿಲ್ಲ. ಕೇಜೆಟಿಯ ನಿಲ್ದಾಣಕ್ಕೆ ನಡೆದಳು. ಆರರಲ್ಲಿ ಒಂದು ನಂಬರು ಅಲ್ಲೇ ಇತ್ತು. ಟಾಪಿನ ಮೇಲೆ ಬಾಳೆಗೊನೆ, ಒಳಗೆ ಮಡಿಲ ತುಂಬ ಮಕ್ಕಳು, ಇಂಜಿನ್ ಗುಡುಗುಡು ಅನ್ನುತ್ತಿತ್ತು. ಅವಳು ಮುಂದೆ ಹೋಗಿ ನಿಂತು ಬಾನೆಟ್ಟಿನ ಮೇಲೆ ಎರಡೂ ಕೈ ಊರಿದಳು.

ಚಾಲಕ ಕಿಟಕಿಯಿಂದ ತಲೆ ಹಾಕಿದ. "ಸೀಟು ಭರ್ತಿ ಆಗಿದೆ ಅಕ್ಕ. ಬೆಳಿಗ್ಗೆಯಿಂದ ಕಾದಿದ್ದಾರೆ. ದಾರಿ ಬಿಡಿ."

"ಎಲ್ಲಿಗೆ?"

"ಮಾಂಪಾಂಗ್."

"ಇಂಜಿನ್ ಆರಿಸು," ಅಂದಳು ದುಫಿ. "ಎಲ್ಲರನ್ನೂ ಇಳಿಸು."

ಒಳಗಿದ್ದವರು ಬೈದರು. ಹಿಂದಿನ ವ್ಯಾನುಗಳು ಹಾರ್ನ್ ಒತ್ತಿದವು. ಚಾಲಕ ಆಕ್ಸಿಲರೇಟರ್ ಒತ್ತಿ ಹೆದರಿಸಿದ. ವ್ಯಾನು ಅರ್ಧ ಮೊಳ ಮುಂದೆ ಬಂತು. ಅವಳು ಕೈ ತೆಗೆಯಲಿಲ್ಲ. ಆ ಮುಖದಲ್ಲಿ ಅವನು ಏನು ಕಂಡನೋ, ಕೀಲಿ ತಿರುಗಿಸಿದ. ಇಂಜಿನ್ ನಿಂತಿತು.